ಖಲೀಲ್ ಸಾಹೇಬರ ಏಳು ತುಂಡಿನ ಮಾತು

2022ರಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿಯಿತ್ತು. ವಾರದಲ್ಲಿ ಐದು ದಿನ ಶಿವಮೊಗ್ಗದಲ್ಲೇ ಕೆಲಸ. ಗುರುವಾರ ಮಾತ್ರ ಭದ್ರಾವತಿಯ ಹಳೇನಗರಕ್ಕೆ ಹೋಗಿ, ಅಲ್ಲಿನ ಒಂದು ಫಿಸಿಯೋಥೆರಪಿ ಕೇಂದ್ರದ ಹಿಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಸ್ಪೀಚ್ ಥೆರಪಿ ಎಂದರೆ ತೊದಲುವ ಮಕ್ಕಳಿಗೆ ಮಾತು ಕಲಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ನೆಂಟರಲ್ಲಿ ಕೆಲವರು ಇವತ್ತಿಗೂ ನನ್ನನ್ನು ‘ಮಾತಿನ ಟೀಚರಮ್ಮ’ ಎಂದೇ ಚುಡಾಯಿಸುತ್ತಾರೆ. ನಿಜ ಹೇಳಬೇಕೆಂದರೆ ನನ್ನ ರೋಗಿಗಳಲ್ಲಿ ಅರ್ಧದಷ್ಟು ಜನ ಜೀವಮಾನವಿಡೀ ಚೆನ್ನಾಗಿ ಮಾತಾಡಿ, ಒಂದು ಬೆಳಿಗ್ಗೆ ಸ್ಟ್ರೋಕ್ ಆಗಿ, ಅಂದರೆ ಲಕ್ವಾ ಹೊಡೆದು, ಮಾತು ಕಳೆದುಕೊಂಡವರು.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ನನಗೆ ಅರೆನಿದ್ದೆ ಖಾತ್ರಿ. ಕಣ್ಣು ಮುಚ್ಚಿದರೂ ಕೆಲಸ ಬೆನ್ನು ಬಿಡುತ್ತಿರಲಿಲ್ಲ. ಎದುರಿನ ಲಾರಿಯ ಬೆನ್ನಿನ ಬರಹ, ಹಿಂದಿನ ಸೀಟಿನ ಕಾಲೇಜು ಹುಡುಗಿಯರ ಹರಟೆ ಎಲ್ಲವೂ ತುಂಡು ತುಂಡಾಗಿ ಬಿಡಿಸಿಕೊಂಡು ತಲೆಯೊಳಗೆ ತೇಲಾಡುತ್ತಿದ್ದವು. ಟ್ರಾನ್ಸ್‌ಪೋರ್ಟೇಶನ್, ನಾಲ್ಕು ತುಂಡು, ಹೇಳುವಾಗ ದನಿಯ ಭಾರ ಮೂರನೆಯದರ ಮೇಲೆ. ಎಕ್ಸಾಮಿನೇಶನ್, ಐದು ತುಂಡು, ಭಾರ ನಾಲ್ಕನೆಯದರ ಮೇಲೆ. ಹೊರಗೆ ಗದ್ದೆ, ತೋಟ, ಪೆಟ್ರೋಲ್ ಬಂಕು ಹಿಂದೆ ಸರಿಯುತ್ತಿದ್ದರೆ ಒಳಗೆ ಈ ತುಂಡುಗಳು ಒಂದರ ಹಿಂದೆ ಒಂದು ಹಾದುಹೋಗುತ್ತಿದ್ದವು. ಎಷ್ಟೋ ಸಲ ಕಂಡಕ್ಟರೇ ಎಬ್ಬಿಸಿ ಇಳಿಸಿದ್ದುಂಟು. ಈಗ ಹೇಳಹೊರಟಿರುವ ಪ್ರಕರಣ ನನ್ನ ಆ ಅರೆನಿದ್ದೆಯ ಜೊತೆಗೇ ಬೆರೆತುಹೋಗಿದೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಜೂನ್ ತಿಂಗಳ ಒಂದು ಗುರುವಾರ ಇಪ್ಪತ್ನಾಲ್ಕು ವರ್ಷದ ಶಬಾನಾ ತನ್ನ ತಂದೆಯನ್ನು ಕರೆದುಕೊಂಡು ಬಂದಳು. ತಂದೆಯ ಹೆಸರು ಖಲೀಲ್, ವಯಸ್ಸು ಐವತ್ತೆಂಟು. ಭದ್ರಾ ಹೊಳೆಯಾಚೆ, ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ಮೆಡಿಕಲ್ ಶಾಪ್ ಇತ್ತು. ಮೂವತ್ತು ವರ್ಷ ಅದೇ ಕೌಂಟರಿನಲ್ಲಿ ಕೂತವರು. ಐದು ವಾರದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಸೋತಿತ್ತು, ಕಾಲು ಎಳೆಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕತ್ತರಿಸಿ ಒಪ್ಪ ಮಾಡಿದ ಗಡ್ಡ. ನಮಸ್ಕಾರ ಎಂದು ನಾನು ಕೈಮುಗಿದರೆ ಅವರು ಎಡಗೈ ಎದೆಗಿಟ್ಟುಕೊಂಡು, ‘ಅದೇ... ಅದೇ’ ಎಂದರು. ಊಟ ಆಯಿತೇ ಎಂದರೂ ‘ಅದೇ’. ಹೆಸರೇನು ಎಂದರೂ ‘ಅದೇ’.

ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಿಗೆಗಾಗಲಿ ಗಂಟಲಿಗಾಗಲಿ ಏನೂ ಆಗಿರುವುದಿಲ್ಲ. ಮಿದುಳಿನಲ್ಲಿ ಮಾತನ್ನು ಹುಡುಕಿ ಕೊಡುವ ಜಾಗಕ್ಕೆ ರಕ್ತ ಹರಿಯುವುದು ನಿಂತಿರುತ್ತದೆ. ರೋಗಿಗೆ ಎದುರಿನವರ ಮಾತು ಹೆಚ್ಚುಕಡಿಮೆ ಅರ್ಥವಾಗುತ್ತದೆ, ಹೇಳಬೇಕಾದ್ದೂ ಗೊತ್ತಿರುತ್ತದೆ, ಪದ ಮಾತ್ರ ಕೈಗೆ ಸಿಗುವುದಿಲ್ಲ. ಕೆಲವರಿಗೆ ಹೀಗೆ ಒಂದೇ ಪದ ಬಾಯಿಗೆ ಅಂಟಿಕೊಂಡುಬಿಡುತ್ತದೆ. ಖಲೀಲ್ ಸಾಹೇಬರಿಗೆ ಅಂಟಿಕೊಂಡದ್ದು ‘ಅದೇ’.

ನಮ್ಮ ಪದ್ಧತಿಯಂತೆ ಮೊದಲು ಸುಲಭದ ಚಿತ್ರಗಳ ಕಾರ್ಡು ಮುಂದಿಟ್ಟೆ. ನೀರು, ಅನ್ನ, ಮನೆ, ಕುರ್ಚಿ. ಅವರು ಅವನ್ನೆಲ್ಲ ಎಡಗೈಯಲ್ಲಿ ಜೋಡಿಸಿ ಮರ್ಯಾದೆಯಿಂದಲೇ ನನ್ನ ಕಡೆಗೆ ಸರಿಸಿದರು. ಆಮೇಲೆ ಜೇಬಿಗೆ ಕೈಹಾಕಿ ಒಂದು ಮಾತ್ರೆ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟು, ಅದರ ಬೆನ್ನಿನ ಸಣ್ಣಕ್ಷರದ ಮೇಲೆ ಬೆರಳಿಟ್ಟರು. ಹೈಡ್ರೊಕ್ಲೋರೊಥಯಾಝೈಡ್. ರಕ್ತದೊತ್ತಡದ ಹಳೆಯ ಮಾತ್ರೆ. ಅಷ್ಟುದ್ದದ ಪದವನ್ನು ಡಾಕ್ಟರುಗಳೂ ಪೂರ್ತಿ ಹೇಳುವುದಿಲ್ಲ, ಮೂರು ಇಂಗ್ಲಿಷ್ ಅಕ್ಷರಕ್ಕೆ ಮೊಟಕು ಮಾಡಿ ಬರೆದುಬಿಡುತ್ತಾರೆ. ನನಗೆ ನಗು ಬಂತು. ‘ನೀರು’ ಎನ್ನಲಾಗದವರಿಗೆ ಇದು ಬೇಕಂತೆ.

ಶಬಾನಾ ನಗಲಿಲ್ಲ. ಅಂಗಡಿಯಲ್ಲಿ ಅಪ್ಪನ ಒಂದು ಪದ್ಧತಿಯಿದೆ ಎಂದು ಹೇಳಿದಳು. ಯಾರಿಗೇ ಮಾತ್ರೆ ಕೊಡಲಿ, ಕೈಗಿಡುವ ಮುಂಚೆ ಮೂರು ಮಾತು ಬಾಯಿಬಿಟ್ಟು ಹೇಳಲೇಬೇಕು. ಅದರ ಹೆಸರು, ಅದು ಯಾತಕ್ಕೆ, ಯಾವಾಗ ನುಂಗಬೇಕು. ಓದು ಬಾರದ ಕೂಲಿಯವರಿಗೂ ಹೀಗೇ, ಎಂಜಿನಿಯರ್‌ಗಳಿಗೂ ಹೀಗೇ. ತನ್ನ ಮೈಯೊಳಗೆ ಹೋಗುವುದರ ಹೆಸರು ಮನುಷ್ಯನಿಗೆ ಗೊತ್ತಿರಬೇಕು ಎಂಬುದು ಅವರ ನಂಬಿಕೆ. ಡಿ.ಫಾರ್ಮ್ ಮುಗಿಸಿದ ಶಬಾನಾ ಈಗ ಅಂಗಡಿ ನೋಡಿಕೊಳ್ಳುತ್ತಿದ್ದಳು, ಅದಕ್ಕೇನೂ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಮನೆಯಲ್ಲಿ. ತಾಯಿ ತೀರಿಕೊಂಡು ಐದು ವರ್ಷವಾಗಿತ್ತು, ಇದ್ದವರು ಇವರಿಬ್ಬರೇ.

“ಅಬ್ಬಾ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಾರೆ ಮೇಡಂ,” ಎಂದಳು. “ಊಟಾನೂ ಸರಿಯಾಗಿ ಮಾಡಲ್ಲ. ಕೌಂಟರ್‌ಗೆ ವಾಪಸ್ ಹೋಗ್ತೀನಿ ಅನ್ನೋ ಆಸೆ ಒಂದೇ ಉಳ್ದಿರೋದು. ಅದೂ ಹೋದ್ರೆ ಇವ್ರು ಉಳಿಯಲ್ಲ.”

ಸಾಹೇಬರು ಮಗಳ ಕಡೆ ನೋಡಿ ‘ಅದೇ’ ಎಂದರು. ಆ ಸಲ ಅದು ಸರಿಯಾದ ಉತ್ತರವೇ ಆಗಿತ್ತು.

ಹೀಗೆ ನನ್ನ ವೃತ್ತಿಯಲ್ಲಿ ಮೊದಲ ಬಾರಿಗೆ, ಕಷ್ಟದ ಪದ ಮೊದಲು ಸುಲಭದ್ದು ಆಮೇಲೆ ಎಂಬ ಹಿಂದುಮುಂದಾದ ಪಾಠ ಶುರುವಾಯಿತು. ಉದ್ದನೆಯ ಇಂಗ್ಲಿಷ್ ಪದವನ್ನು ಹೇಗೆ ಬಿಡಿಸುತ್ತೇವೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೊದಲು ಸಿಲಬಲ್, ಅಂದರೆ ಒಂದು ತಟ್ಟಿಗೆ ಬಾಯಿಂದ ಬರುವಷ್ಟು ಸದ್ದು. ಈ ಪದದಲ್ಲಿ ಅಂಥವು ಏಳು: ಹೈ, ಡ್ರೊ, ಕ್ಲೋ, ರೊ, ಥಯ್, ಅ, ಝೈಡ್. ಎರಡನೆಯದು ಸ್ಟ್ರೆಸ್, ಅಂದರೆ ಭಾರ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಗಳಿಗೂ ಅವಕ್ಕೆ ಸಲ್ಲಬೇಕಾದಷ್ಟು ಸಲ್ಲಿಸುತ್ತ ಹೋಗುತ್ತೇವೆ. ಇಂಗ್ಲಿಷ್ ಹಾಗಲ್ಲ, ಒಂದು ಸಿಲಬಲ್ಲನ್ನು ಮದುಮಗನ ಹಾಗೆ ಕುದುರೆ ಹತ್ತಿಸಿ ಉಳಿದವನ್ನೆಲ್ಲ ದಿಬ್ಬಣದಲ್ಲಿ ನಡೆಸಿಬಿಡುತ್ತದೆ. ಈ ಪದದಲ್ಲಿ ಮದುಮಗ ಐದನೆಯದು, ‘ಥಯ್’. ಮೂರನೆಯದು ಪದದ ಭಾಗಗಳು. ‘ಹೈಡ್ರೊ’ ಎಂದರೆ ಜಲಜನಕ, ‘ಕ್ಲೋರೊ’ ಎಂದರೆ ಕ್ಲೋರಿನ್, ‘ಥಯಾಝೈಡ್’ ಎಂಬುದು ಮೂತ್ರ ಹೆಚ್ಚು ಮಾಡಿ ಬಿಪಿ ಇಳಿಸುವ ಔಷಧಿಗಳ ಮನೆತನದ ಹೆಸರು.

ಮಾತು ಹೋದವರಿಗೂ ರಾಗ, ತಾಳ ಉಳಿದಿರುತ್ತದೆ. ಹಾಗಾಗಿ ಎಡಗೈಯಲ್ಲಿ ಮೇಜು ತಟ್ಟಿಸುತ್ತ, ಭಾರ ಬಂದಲ್ಲಿ ದನಿ ಏರಿಸುತ್ತ, ಹಾಡಿನ ಹಾಗೆ ಹೇಳಿಸುವುದು ನಮ್ಮಲ್ಲಿ ಒಂದು ಕ್ರಮ. ನಾನು ಅವರ ಎಡಗೈ ಹಿಡಿದು ‘ಹೈ’ ಎಂದು ಒಂದು ತಟ್ಟು, ‘ಡ್ರೊ’ ಎಂದು ಇನ್ನೊಂದು ತಟ್ಟು ತಟ್ಟಿಸಿದೆ. ಮೊದಲ ದಿನವೇ ‘ಹೈ’ ಬಂತು. ಎರಡನೇ ವಾರ ‘ಹೈ, ಡ್ರೊ’. ನನಗೆ ಖುಷಿಯೋ ಖುಷಿ. ಆದರೆ ಮೂರನೇ ತಟ್ಟಿಗೆ ಎಲ್ಲ ಚೆಲ್ಲಾಪಿಲ್ಲಿಯಾಗಿ ಮತ್ತೆ ‘ಅದೇ’ ಬಂದು ಕೂರುತ್ತಿತ್ತು. ಮೂರನೇ ವಾರವೂ ಹಾಗೆ, ಆರನೇ ವಾರವೂ ಹಾಗೆ. ಫ್ಯಾನು ತಿರುಗುವ ಆ ಸಣ್ಣ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಅಲ್ಲಾಡುತ್ತಿರುತ್ತಿತ್ತು. ನಾವಿಬ್ಬರೂ ಹೊಳೆ ದಾಟಲು ಎರಡು ಕಲ್ಲು ಹತ್ತಿ ಮೂರನೆಯದು ಕಾಣದೆ ನಿಂತವರ ಹಾಗೆ ಸುಮ್ಮನೆ ಕೂತುಬಿಡುತ್ತಿದ್ದೆವು. ವಾಪಸ್ ಬರುವಾಗ ಬಸ್ಸಿನ ಅರೆನಿದ್ದೆಯಲ್ಲಿ ನಾನೇ ಆ ಪದವನ್ನು ಹೇಳಿಕೊಂಡು ಹೋಗುತ್ತಿದ್ದೆ. ಎಚ್ಚರವಾದಾಗ ಬೆರಳು ಕಿಟಕಿಯ ಸರಳನ್ನು ತಟ್ಟುತ್ತಿರುತ್ತಿತ್ತು. ಪಕ್ಕದವರು ಸ್ವಲ್ಪ ದೂರ ಸರಿದು ಕೂತಿರುತ್ತಿದ್ದರು.

ಏಳನೇ ವಾರ ಸಾಹೇಬರು ಬರಲಿಲ್ಲ. ಬರಲು ಒಪ್ಪಲಿಲ್ಲ ಎಂದು ಶಬಾನಾ ಫೋನ್ ಮಾಡಿದಳು. ಅವತ್ತು ಮಧ್ಯಾಹ್ನ ಕೆಲಸ ಬೇಗ ಮುಗಿದಿತ್ತು. ಯಾಕೋ ಬಸ್‌ಸ್ಟ್ಯಾಂಡಿಗೆ ಹೋಗಲು ಮನಸ್ಸಾಗದೆ ಆಟೋ ಹಿಡಿದು ಸೇತುವೆ ದಾಟಿ ಅವರ ಅಂಗಡಿಗೆ ಹೋದೆ. ಮಳೆ ಬಂದು ನಿಂತಿತ್ತು, ಕೆಳಗೆ ಭದ್ರಾ ಕೆಂಪಗೆ ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಕ್ವಾರ್ಟರ್ಸಿನ ರಸ್ತೆಯ ದೊಡ್ಡ ಮರಗಳ ಕೆಳಗೆ ಮಧ್ಯಾಹ್ನವೇ ಸಂಜೆಯಾದಂತಿತ್ತು. ಅಂಗಡಿ ಪುಟ್ಟದು. ಒಳಗೆ ಕಾಲಿಟ್ಟವಳು ಗೋಡೆಯ ಕಪಾಟು ನೋಡಿ ನಿಂತುಬಿಟ್ಟೆ.

ಸಾಮಾನ್ಯವಾಗಿ ಮೆಡಿಕಲ್‌ಗಳಲ್ಲಿ ಔಷಧಿಗಳನ್ನು ಎ ಬಿ ಸಿ ಡಿ ಪ್ರಕಾರ ಇಟ್ಟಿರುತ್ತಾರೆ, ಇಲ್ಲವೇ ಕಂಪನಿ ಪ್ರಕಾರ. ಇಲ್ಲಿ ಪ್ರತಿ ಖಾನೆಗೂ ಕನ್ನಡದಲ್ಲಿ ದುಂಡಗೆ ಬರೆದ ಒಂದೊಂದು ಚೀಟಿ ಅಂಟಿಸಿತ್ತು. ‘ಓಲಾಲ್’, ‘ಪ್ರಿಲ್’, ‘ಸಾರ್ಟನ್’, ‘ಸ್ಟಾಟಿನ್’, ‘ಪ್ರಜೋಲ್’, ‘ಫ್ಲಾಕ್ಸಾಸಿನ್’, ‘ಥಯಾಝೈಡ್’. ಇವ್ಯಾವೂ ಪೂರ್ತಿ ಪದಗಳಲ್ಲ. ಎಲ್ಲವೂ ಔಷಧಿಯ ಹೆಸರಿನ ಕೊನೆಯ ತುಂಡುಗಳು. ಮೆಟೊಪ್ರೊಲಾಲ್, ಅಟೆನೊಲಾಲ್ ಎಲ್ಲ ‘ಓಲಾಲ್’ ಖಾನೆಯಲ್ಲಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ‘ಪ್ರಜೋಲ್’ ಖಾನೆಯಲ್ಲಿ.

ಕೇಳಿದ್ದಕ್ಕೆ ಶಬಾನಾ ವಿವರಿಸಿದಳು. ಸಾಹೇಬರು ಹತ್ತನೆಯವರೆಗೂ ಕನ್ನಡ ಮೀಡಿಯಂ. ಫಾರ್ಮಸಿ ಓದಲು ಹೋದಾಗ ಇಂಗ್ಲಿಷ್ ಹೆಸರುಗಳು ಕಣ್ಣು ಕತ್ತಲೆ ತರಿಸಿದ್ದವಂತೆ. ಆಗ ಅವರೇ ಕಂಡುಕೊಂಡ ಉಪಾಯ ಇದು. ಕೊನೆಯ ತುಂಡು ಒಂದೇ ಆಗಿರುವ ಔಷಧಿಗಳೆಲ್ಲ ಒಂದೇ ಮನೆಯವು, ಮಾಡುವ ಕೆಲಸವೂ ಹೆಚ್ಚುಕಡಿಮೆ ಒಂದೇ. ಮೊದಲು ಆ ಮನೆ ಗುರುತು ಹಿಡಿ, ಆಮೇಲೆ ಅದರ ಮುಂದೆ ಯಾರು ನಿಂತಿದ್ದಾರೆ ನೋಡು.

“ತಲೆ ಯಾರು ಏನ್ ಬೇಕಾದ್ರೂ ಇಟ್ಕೊಳ್ಳಿ, ಬಾಲ ಸುಳ್ಳು ಹೇಳಲ್ಲ ಅಂತಿದ್ರು ಅಬ್ಬಾ,” ಎಂದಳು. “ನಂಗೂ ಹಂಗೇ ಕಲಿಸಿದ್ದು. ಕಾಲೇಜಲ್ಲಿ ಎಲ್ರೂ ನಗ್ತಿದ್ರು.”

ನಾನು ಕೌಂಟರ್ ಹಿಡಿದುಕೊಂಡು ನಿಂತೆ. ಮೂವತ್ತು ವರ್ಷದ ಅನುಭವವಿದ್ದೂ ನನಗೆ ಇದು ಹೊಳೆದಿರಲಿಲ್ಲ. ಆರು ವಾರ ಆ ಮನುಷ್ಯನನ್ನು ನಾನು ಪದದ ತಲೆಯಿಂದ ಹತ್ತಿಸುತ್ತಿದ್ದೆ. ಅವರ ತಲೆಯೊಳಗೆ ಪದಗಳು ಕೂತಿದ್ದದ್ದು ಬಾಲದ ಕಡೆಯಿಂದ. ಅದಲ್ಲದೆ ಇನ್ನೊಂದು ಕಾರಣವೂ ಆಗಲೇ ಹೊಳೆಯಿತು. ಈ ಪದದ ಭಾರ ಐದನೆಯ ತುಂಡಿನ ಮೇಲೆ. ತಲೆಯಿಂದ ಹೊರಟರೆ ನಾಲ್ಕು ಹಗುರ ತುಂಡು ದಾಟಿದ ಮೇಲಷ್ಟೇ ಹಿಡಿದುಕೊಳ್ಳಲು ಗಟ್ಟಿಯಾದದ್ದು ಸಿಗುತ್ತದೆ. ಬಾಲದಿಂದ ಹೊರಟರೆ ಅದು ಮೂರನೆಯ ಹೆಜ್ಜೆಗೇ ಸಿಗುತ್ತದೆ. ಹೀಗೆ ಹಿಂದಿನಿಂದ ಕಟ್ಟುತ್ತ ಬರುವ ವಿಧಾನ ನಮ್ಮ ಪಠ್ಯದಲ್ಲೂ ಇದೆ. ನನಗೆ ನೆನಪಾಗಲಿಲ್ಲ, ಅಷ್ಟೇ.

ಅಂಗಡಿಯ ಹಿಂದೆಯೇ ಮನೆ. ಸಾಹೇಬರು ಶಬಾನಾ ಹೇಳಿದ್ದಂತೆಯೇ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಎದುರಿಗೆ ಹೋಗದೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರ ಎಡಗೈ ಎತ್ತಿ ಕುರ್ಚಿಯ ತೋಳಿನ ಮೇಲೆ ಒಂದು ಸಲ ತಟ್ಟಿಸಿ, ‘ಝೈಡ್’ ಎಂದೆ. ಅವರು ಕತ್ತು ತಿರುಗಿಸಿದರು. ತಡಮಾಡದೆ ‘ಝೈಡ್’ ಎಂದರು. ‘ಅಝೈಡ್’ ಎಂದೆ. ‘ಅಝೈಡ್’ ಎಂದರು. ‘ಥಯಾಝೈಡ್’ ಎಂದು ನಾನು ದನಿ ಏರಿಸುವ ಮುಂಚೆಯೇ ಅವರ ಕೈ ಮೂರು ಸಲ ತಟ್ಟಿತ್ತು, ಬಾಯಿ ‘ಥಯಾಝೈಡ್’ ಎಂದಿತ್ತು. ಅಂಗಡಿಯಿಂದ ಓಡಿಬಂದ ಶಬಾನಾ ಬಾಗಿಲಲ್ಲೇ ನಿಂತಳು. ‘ಕ್ಲೋರೊಥಯಾಝೈಡ್’ ಅವತ್ತೇ ಬಂತು. ‘ಹೈಡ್ರೊ’ ಮಾತ್ರ ಇನ್ನೆರಡು ವಾರ ಸತಾಯಿಸಿ, ಆಗಸ್ಟಿನ ಒಂದು ಗುರುವಾರ ತಾನಾಗಿಯೇ ಬಂದು ಮುಂದೆ ನಿಂತಿತು. ಏಳು ತುಂಡು, ಏಳು ತಟ್ಟು, ಭಾರ ಇರಬೇಕಾದಲ್ಲೇ ಇತ್ತು. ಸಾಹೇಬರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

ಅಲ್ಲಿಂದ ಮುಂದಿನ ತಿಂಗಳುಗಳನ್ನು ನೆನೆದರೆ ಅವು ನಡೆದವೋ ಕನಸಿನಲ್ಲಿ ಕಂಡೆನೋ ಎನ್ನುವಂತಿದೆ. ಒಂದು ಮನೆಯ ಬಾಗಿಲು ತೆರೆದರೆ ಆ ಮನೆಯವರೆಲ್ಲ ಹೊರಗೆ ಬರುತ್ತಿದ್ದರು. ಲಾಲ್, ಓಲಾಲ್, ಪ್ರೊಲಾಲ್, ಮೆಟೊಪ್ರೊಲಾಲ್. ಟಿನ್, ಸ್ಟಾಟಿನ್, ಅಟೊರ್ವಾಸ್ಟಾಟಿನ್. ಇಡೀ ಗುರುವಾರ ಆ ಕೋಣೆಯಲ್ಲಿ ಔಷಧಿಗಳ ಹೆಸರು ಹಾಡಾಗಿ ತೇಲುತ್ತಿತ್ತು. ಹೊರಗೆ ಮಂಡಿನೋವಿಗೆ ಬಂದು ಕೂತವರೂ ಕಾಲಲ್ಲಿ ತಾಳ ಹಾಕುತ್ತಿದ್ದರಂತೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನನಗೆ ಆ ಕಪಾಟೇ ಕಾಣುತ್ತಿತ್ತು. ಖಾನೆ ಖಾನೆಯಿಂದ ಪದಗಳು ಬಾಲ ಮುಂದೆ ಮಾಡಿಕೊಂಡು ಹೊರಬಂದು ಹೊಳೆಯ ಮೇಲೆ ಹಾರಿಹೋಗುತ್ತಿದ್ದವು. ಇಷ್ಟು ಚಂದದ ಕೇಸು ನನಗೆ ಸಿಕ್ಕಿರಲಿಲ್ಲ. ಅದರ ಅಮಲು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಡುನಡುವೆ ‘ಬಿಪಿಗೆ’, ‘ಸಕ್ಕರೆ ಕಾಯಿಲೆಗೆ’, ‘ಬೆಳಿಗ್ಗೆ’, ‘ರಾತ್ರಿ’ ಮೊದಲಾದ ಮಾತುಗಳನ್ನೂ ಅವರು ಹೇಳತೊಡಗಿದ್ದರು. ಬಂದವಲ್ಲ ಎಂದು ಸಂತೋಷಪಟ್ಟೆನೇ ಹೊರತು, ಅವು ಬರಬೇಕಾದ ಜಾಗಕ್ಕೇ ಬರುತ್ತಿವೆಯೇ ಎಂದು ಕೂತು ಪರೀಕ್ಷೆ ಮಾಡಲಿಲ್ಲ. ಏಳು ತುಂಡಿನ ಪದ ಹೇಳುವವರಿಗೆ ‘ಬೆಳಿಗ್ಗೆ’ ಯಾವ ಲೆಕ್ಕ ಎಂದುಕೊಂಡುಬಿಟ್ಟೆ.

ಡಿಸೆಂಬರಿನಲ್ಲಿ ಶಬಾನಾ ಒಂದು ಪತ್ರ ಕೇಳಿದಳು. ಅಪ್ಪ ಕೌಂಟರಿಗೆ ಮರಳಬಹುದೇ ಎಂದು ಡಾಕ್ಟರನ್ನು ಕೇಳಿದರೆ, ಮೈಯಿಂದ ಅಡ್ಡಿಯಿಲ್ಲ, ಮಾತಿನ ವಿಷಯ ಥೆರಪಿಸ್ಟ್ ಹೇಳಬೇಕು ಎಂದಿದ್ದರಂತೆ. ನಾನು ಅವತ್ತೇ ಲೆಟರ್‌ಹೆಡ್ ತೆಗೆದು ಬರೆದೆ. ಔಷಧಿಗಳ ಹೆಸರನ್ನು ಸ್ಪಷ್ಟವಾಗಿ ಹೇಳುತ್ತಾರೆ, ಕೌಂಟರಿನಲ್ಲಿ ಕೂರಲು ಅಡ್ಡಿಯಿಲ್ಲ. ಸಹಿ ಹಾಕುವಾಗ ಕೈ ಒಂದಿಷ್ಟೂ ತಡೆಯಲಿಲ್ಲ.

ಜನವರಿಯ ಮೊದಲ ಗುರುವಾರ ಅವರು ಮರಳಿ ಕೂತರು. ನೋಡಲು ನಾನೂ ಹೋದೆ. ಎಳೆಬಿಸಿಲಿಗೆ ಅಂಗಡಿಯ ಗಾಜು ಹೊಳೆಯುತ್ತಿತ್ತು. ಸಾಹೇಬರು ಹೊಸ ಶರ್ಟು ಹಾಕಿ ಅತ್ತರು ಹಚ್ಚಿಕೊಂಡಿದ್ದರು. ಬಂದವರೆಲ್ಲ ಅವರನ್ನು ಕಂಡು ಒಂದು ಗಳಿಗೆ ನಿಂತು, ಹುಷಾರಾದಿರಾ ಎಂದು ವಿಚಾರಿಸಿ ಹೋಗುತ್ತಿದ್ದರು. ಅವರು ಸ್ಟ್ರಿಪ್ ತೆಗೆದು, ಕೌಂಟರಿನ ಕೆಳಗೆ ಯಾರಿಗೂ ಕಾಣದಂತೆ ಬೆರಳು ತಟ್ಟಿ, ಹೆಸರು ಹೇಳಿ ಕೊಡುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಕ್ವಾರ್ಟರ್ಸಿನ ಮುನಿಯಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು ಬಂದರು. ಬಿಪಿಗೆ ಹೊಸ ಮಾತ್ರೆ ಬರೆದುಕೊಟ್ಟಿದ್ದಾರೆ ಎಂದು ಚೀಟಿ ಕೊಟ್ಟರು. ನಮ್ಮದೇ ಪದ. ನನಗಾಗಿ ಚಹಾ ತರಲು ಶಬಾನಾ ಒಳಗೆ ಹೋಗಿದ್ದಳು.

ಸಾಹೇಬರು ನನ್ನ ಕಡೆ ಒಮ್ಮೆ ನೋಡಿದರು. ‘ಥಯಾಝೈಡ್’ ಖಾನೆಗೆ ಕೈಹಾಕಿ ಸರಿಯಾದ ಸ್ಟ್ರಿಪ್ ತೆಗೆದರು. ಚೀಟಿಯಲ್ಲಿ 1-0-0 ಎಂದಿತ್ತು, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಅದರ ಮೇಲೆ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ ಹೇಳಿದರು.

“ಹೈಡ್ರೊಕ್ಲೋರೊಥಯಾಝೈಡ್. ಬಿಪಿಗೆ. ರಾತ್ರಿ, ಒಂದು.”

ಮುನಿಯಮ್ಮ ತಲೆಯಾಡಿಸಿ ಸ್ಟ್ರಿಪ್ಪನ್ನು ಸೆರಗಿಗೆ ಕಟ್ಟಿಕೊಂಡು ಹೊರಟರು. ನಾನು ಅಲ್ಲೇ, ಎರಡು ಮಾರು ದೂರದಲ್ಲಿ, ನಿಂತಿದ್ದೆ. ‘ರಾತ್ರಿ’ ಎಂದದ್ದು ನನ್ನ ಕಿವಿಗೆ ಬಿತ್ತು. ಆದರೆ ನಾನಿನ್ನೂ ಆ ‘ಥಯ್’ ಮೇಲಿನ ಭಾರವನ್ನು ಸವಿಯುತ್ತಿದ್ದೆ. ಅಷ್ಟು ಚೆನ್ನಾಗಿ ಹೇಳಿದ್ದರು.

ಆರು ದಿನ ಕಳೆದು ಶಬಾನಾ ಫೋನ್ ಮಾಡಿದಳು. ಆ ಮಾತ್ರೆ ಮೂತ್ರ ಹೆಚ್ಚು ಮಾಡುತ್ತದೆ, ಅದಕ್ಕೇ ಬೆಳಿಗ್ಗೆ ಕೊಡುವುದು. ಸಾಹೇಬರು ಹೇಳಿದ ಹಾಗೆಯೇ ಮುನಿಯಮ್ಮ ರಾತ್ರಿ ನುಂಗಿ, ನಿದ್ದೆಗಣ್ಣಿನಲ್ಲಿ ಪದೇಪದೇ ಎದ್ದು ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಚೀಟಿಯಲ್ಲಿ ಸರಿಯಾಗಿಯೇ ಬರೆದಿತ್ತು. ಆದರೆ ಅವರಿಗೆ ಓದು ಬಾರದು, ಮೂವತ್ತು ವರ್ಷದಿಂದ ಸಾಹೇಬರ ಮಾತೇ ಅವರ ಚೀಟಿ. ಮುನಿಯಮ್ಮನ ಕೈ ಮುರಿದದ್ದು ನನ್ನ ಪತ್ರದಿಂದ. ಬೇರೆ ಯಾವ ರೀತಿ ಹೇಳಿದರೂ ಅದು ಸುಳ್ಳಾಗುತ್ತಿತ್ತು.

ಮರುದಿನ ಗುರುವಾರ. ಬಸ್ಸಿನಲ್ಲಿ ಅವತ್ತು ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಮೊದಲು ಮುನಿಯಮ್ಮನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿದೆ. ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವರು, ನಿನ್ನೆ ಖಲೀಲ್ ಭಾಯಿ ಬಂದಿದ್ದರು, ಒಂದು ತಾಸು ಕೂತಿದ್ದರು, ಏನೂ ಮಾತಾಡಲಿಲ್ಲ, ಪಾಪ ಅವರಿಗೆ ಬೈಯಬೇಡಿ ಎಂದರು. ನನ್ನನ್ನು ಅವರು ಡಾಕ್ಟರಮ್ಮ ಎಂದುಕೊಂಡಿದ್ದರು.

ಅಲ್ಲಿಂದ ಸಾಹೇಬರ ಮನೆಗೆ ಹೋದೆ. ಜೊತೆಗೆ ಆಸ್ಪತ್ರೆಯಲ್ಲಿ ಹಿಂದಿನ ಸಂಜೆ ಕೂತು ಬರೆದ ಹೊಸ ಕಾರ್ಡುಗಳಿದ್ದವು. ಬೆಳಿಗ್ಗೆ, ರಾತ್ರಿ. ಊಟಕ್ಕೆ ಮುಂಚೆ, ಊಟ ಆದಮೇಲೆ. ಒಂದು, ಅರ್ಧ. ಏಳು ತಿಂಗಳ ಹಿಂದೆಯೇ ಮಾಡಬೇಕಿದ್ದ ಪರೀಕ್ಷೆಯನ್ನು ಅವತ್ತು ಮಾಡಿದೆ. ಸೂರ್ಯನ ಚಿತ್ರ ತೋರಿಸಿದರೆ ಹತ್ತರಲ್ಲಿ ಆರು ಸಲ ಬೆಳಿಗ್ಗೆ ಎಂದರು, ನಾಲ್ಕು ಸಲ ರಾತ್ರಿ ಎಂದರು. ತಪ್ಪಿದ್ದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಅಫೇಸಿಯಾದಲ್ಲಿ ಇದು ಹೊಸದೇನಲ್ಲ. ಜೋಡಿ ಜೋಡಿಯಾಗಿರುವ ಸಣ್ಣ ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಬಂದುಬಿಡುತ್ತವೆ. ಉದ್ದ ಪದಕ್ಕಾದರೆ ಹಿಡಿದುಕೊಳ್ಳಲು ತುಂಡುಗಳಿವೆ, ಭಾರವಿದೆ, ಬಾಲವಿದೆ. ‘ರಾತ್ರಿ’ಗೆ ಏನಿದೆ?

ನಾನು ಧೈರ್ಯ ಹೇಳತೊಡಗಿದೆ. ಇನ್ನು ಮೂರು ತಿಂಗಳು ಇದನ್ನೇ ಮಾಡೋಣ, ಅಲ್ಲಿಯವರೆಗೆ ಶಬಾನಾ ಪಕ್ಕದಲ್ಲಿರಲಿ, ಚೀಟಿಯ ಮೇಲೆ ಸೂರ್ಯ ಚಂದ್ರರ ಚಿತ್ರ ಬರೆದು ಕೊಡೋಣ, ದಾರಿ ಇದ್ದೇ ಇದೆ ಎಂದೆಲ್ಲ ಹೇಳಿದೆ. ನನ್ನ ದನಿಯಲ್ಲಿ ಅವಸರವಿತ್ತು. ಶಬಾನಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಈ ಆಸೆಯೂ ಹೋದರೆ ಇವರು ಉಳಿಯುವುದಿಲ್ಲ ಎಂಬ ಹೆದರಿಕೆ ಅವಳ ಕಣ್ಣಲ್ಲಿ ನನಗೆ ಕಾಣುತ್ತಿತ್ತು.

ಸಾಹೇಬರು ಕಾರ್ಡುಗಳನ್ನು ಎಡಗೈಯಲ್ಲಿ ಜೋಡಿಸಿ ಪಕ್ಕಕ್ಕಿಟ್ಟರು. ಅವರು ಮಾತಾಡಲಿದ್ದಾರೆ ಎಂದು ತಿಳಿದು ನಾನು ಅಭ್ಯಾಸಬಲದಿಂದ ತಟ್ಟಲು ಅವರ ಕೈಗೆ ಕೈಹಾಕಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮೆಲ್ಲಗೆ, ನಡುನಡುವೆ ನಿಂತು, ಹೇಳಿದರು.

“ನಾಲಿಗೆ ಬಂತು ಮೇಡಂ. ಭರೋಸಾ ಬರ್ಲಿಲ್ಲ.” ಉಸಿರು ತೆಗೆದುಕೊಂಡರು. “ಬೆಳಿಗ್ಗೆ ಅನ್ಕೊಂಡು... ರಾತ್ರಿ ಅಂತೀನಿ. ನಂಗೇ ಗೊತ್ತಾಗಲ್ಲ. ಗೊತ್ತಾಗ್ದೇ ಇರೋನು ಅಲ್ಲಿ ಕೂರಬಾರ್ದು.” ಮಗಳ ಕಡೆ ತಿರುಗಿದರು. “ನಾನು ಒಳಗೆ. ನೀನು ಕೌಂಟರ್.”

ಶಬಾನಾ ಅತ್ತಳು. ಅವರು ಅಳಲಿಲ್ಲ. ಮಗಳ ತಲೆಯ ಮೇಲೆ ಎಡಗೈ ಇಟ್ಟುಕೊಂಡು ಕೂತಿದ್ದರು. ಮುಖ ಗೋಡೆಯ ಕಡೆಗಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹಸಿವಾಗಿದೆ ಎಂದು ಸನ್ನೆ ಮಾಡಿದರು. ಮೂರು ಜನ ಕೂತು ಊಟ ಮಾಡಿದೆವು. ನನ್ನ ಪತ್ರವನ್ನು ವಾಪಸ್ ಕೇಳಿ, ಅಲ್ಲೇ ರದ್ದು ಮಾಡಿ, ಹೊಸದನ್ನು ಬರೆದುಕೊಟ್ಟೆ. ಆಸ್ಪತ್ರೆಯ ಕಡತದಲ್ಲೂ ನನ್ನ ತಪ್ಪನ್ನು ನನ್ನ ಕೈಯಾರೆ ಬರೆದಿಟ್ಟೆ.

ಆಮೇಲೂ ಸಾಹೇಬರು ಒಂದು ವರ್ಷ ಗುರುವಾರಕ್ಕೆ ಬಂದರು. ಔಷಧಿಯ ಹೆಸರುಗಳನ್ನು ಮತ್ತೆ ನಾವು ಮುಟ್ಟಲಿಲ್ಲ. ಬೆಳಿಗ್ಗೆ, ರಾತ್ರಿ, ಮುಂಚೆ, ಆಮೇಲೆ, ಬೇಕು, ಬೇಡ ಇಷ್ಟೇ ನಮ್ಮ ಪಾಠ. ಅದರಲ್ಲಿ ಪೂರ್ತಿ ಗೆದ್ದೆವೆಂದು ಹೇಳಲಾರೆ. ಅವರು ಮಧ್ಯಾಹ್ನದ ಹೊತ್ತು ಅಂಗಡಿಯ ಒಳಗಿನ ಸ್ಟೂಲಿನ ಮೇಲೆ ಕೂತಿರುತ್ತಿದ್ದರಂತೆ. ಶಬಾನಾ ಗಿರಾಕಿಗೆ ಮೂರು ಮಾತು ಹೇಳುವುದನ್ನು ಕಿವಿಗೊಟ್ಟು ಕೇಳಿ, ಒಂದು ಬಿಟ್ಟರೂ ಕೆಮ್ಮುತ್ತಿದ್ದರಂತೆ.

ನಿವೃತ್ತಿಯಾದ ಮೇಲೂ ವಾರಕ್ಕೆರಡು ದಿನ ಮನೆಯಲ್ಲೇ ರೋಗಿಗಳನ್ನು ನೋಡುತ್ತೇನೆ. ಯಾರೇ ಬರಲಿ, ಎಷ್ಟೇ ಚೆನ್ನಾಗಿ ಮಾತಾಡಲಿ, ಮೊದಲು ಬೆಳಿಗ್ಗೆ ರಾತ್ರಿಯನ್ನು ಪರೀಕ್ಷೆ ಮಾಡುತ್ತೇನೆ. ಕೆಲಸ ಕಲಿಸಿದ ಪಾಠ ಅದೆಂದು ಬಹಳ ಕಾಲ ಅಂದುಕೊಂಡಿದ್ದೆ. ಅದೂ ಹೌದು. ಆದರೆ ಇನ್ನೊಂದನ್ನು ಒಪ್ಪಿಕೊಳ್ಳಲು ನನಗೆ ಹೆಚ್ಚು ದಿನ ಹಿಡಿಯಿತು. ಕಳೆದ ಮಾತನ್ನು ಮರಳಿ ಕೊಟ್ಟರೆ ಮನುಷ್ಯ ಅದರಿಂದ ತನ್ನ ಹಳೆಯ ಜಾಗಕ್ಕೆ ಮರಳುತ್ತಾನೆ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಖಲೀಲ್ ಸಾಹೇಬರು ಅವತ್ತು ನನ್ನ ತಟ್ಟಿನ ಸಹಾಯವಿಲ್ಲದೆ, ಯಾರೂ ಹೇಳಿಕೊಡದೆ, ತಾವೇ ಜೋಡಿಸಿದ ಮೊದಲ ಮಾತುಗಳಲ್ಲಿ ಪ್ರತಿಯೊಂದು ಪದವೂ ಅದರದರ ಜಾಗದಲ್ಲೇ ಇತ್ತು. ಆ ಮಾತನ್ನು ಅವರು ತಾವು ಅತಿಯಾಗಿ ಪ್ರೀತಿಸಿದ ಜಾಗದಿಂದ ಎದ್ದು ಬರಲು ಬಳಸಿದರು.